ಪ್ಲೇಗಿನ ಸೂಜಿಮದ್ದೂ ಜನರ ನಂಬುಗೆಯೂ (೧೮೯೬–೧೯೦೭)

ಕ್ರಿ. ಶ. ೧೮೯೮ನೆಯ ಮೇ ತಿಂಗಳಿನಲ್ಲಿ ಭಾರತದ ಎರಡು ಪಟ್ಟಣಗಳಲ್ಲಿ ಒಂದೇ ಔಷಧದ ವಿಷಯವಾಗಿ ಎರಡು ಬಗೆಯ ನಡವಳಿಕೆಯು ಕಂಡುಬಂದಿತು. ಪ್ಲೇಗಿನ ಸೂಜಿಯನ್ನು ಸರ್ಕಾರದವರು ಬಲಾತ್ಕಾರದಿಂದ ಹಾಕಿಸುವರೆಂಬ ಸುದ್ದಿಯು ಹಬ್ಬಿದ ಮಾತ್ರದಿಂದಲೇ ಕಲ್ಕತ್ತೆಯಲ್ಲಿ ಬಂಡಿ ಹೊಡೆಯುವವರೂ ಹಡಗುಕಟ್ಟೆಯ ಕೂಲಿಗಳೂ ಕೆಲಸವನ್ನು ಬಿಟ್ಟರು. ಸೂಜಿ ಹಾಕುವವರೆಂದು ಸಂದೇಹಕ್ಕೆ ಗುರಿಯಾದವರು ಬೀದಿಯಲ್ಲಿ ಏಟು ತಿಂದರು. ಗುಂಪುಗುಂಪಾಗಿ ಜನರು ನಗರವನ್ನು ಬಿಟ್ಟು ಓಡಿದರು. ಅದೇ ತಿಂಗಳು ೧೧ನೆಯ ತಾರೀಖಿನಲ್ಲಿ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯಲ್ಲಿ ಆ ಸೂಜಿಯನ್ನು ಹಾಕುವ ಕೆಲಸವು ಪ್ರಾರಂಭವಾಗಿ, ಸೆಪ್ಟೆಂಬರ್ ಮುಗಿಯುವುದರೊಳಗಾಗಿ ೩೮,೦೦೦ಕ್ಕೂ ಮೇಲ್ಪಟ್ಟು ಜನರು ಅದನ್ನು ಹಾಕಿಸಿಕೊಂಡರು. ಊರಿನ ಒಟ್ಟು ಜನಸಂಖ್ಯೆಯಾದರೋ ಆಗ ೫೦,೦೦೦ದ ಆಸುಪಾಸಿನಲ್ಲಿದ್ದಿತು.

ಇಂಥ ಭೇದಗಳಿಗೆ ಆ ಕಾಲದ ಅಧಿಕಾರಿಗಳು ಸಾಮಾನ್ಯವಾಗಿ ಹೇಳುತ್ತಿದ್ದ ಕಾರಣವು ಬಹಳ ಸುಲಭವಾದುದು: ತಿಳಿವಳಿಕೆಯುಳ್ಳವರು ಒಪ್ಪಿದರು, ಮೂಢರು ಹೆದರಿದರು. ಆದರೆ ಮೇಲಣ ಎರಡು ಪಟ್ಟಣಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಈ ವಿವರಣೆಯು ನಿಲ್ಲುವುದಿಲ್ಲ. ಇಂಗ್ಲಿಷ್ ವಿದ್ಯೆಯು ಎಲ್ಲಕ್ಕಿಂತ ಮೊದಲು ಬೇರೂರಿದ ನಗರಗಳಲ್ಲಿ ಕಲ್ಕತ್ತೆಯು ಒಂದು. ವೈದ್ಯಶಾಲೆಗಳೂ ಪತ್ರಿಕೆಗಳೂ ಅಲ್ಲಿ ಹೇರಳವಾಗಿದ್ದುವು. ಹುಬ್ಬಳ್ಳಿಯು ನೇಕಾರರ, ಹತ್ತಿಯ ವ್ಯಾಪಾರಿಗಳ, ರೈಲ್ವೆ ಕಾರ್ಖಾನೆಯ ಕೆಲಸಗಾರರ ಊರು. ವಿದ್ಯೆಯೊಂದೇ ಅಳತೆಗೋಲಾಗಿದ್ದರೆ ಫಲವು ತಿರುಗುಮುರುಗಾಗಬೇಕಾಗಿದ್ದಿತು. ಆದುದರಿಂದ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕಾಗಿದೆ. ಜನರು ತೂಗಿನೋಡಿದುದು ಸೀಸೆಯಲ್ಲಿದ್ದ ಮದ್ದನ್ನು ಮಾತ್ರವೇ ಅಲ್ಲ. ಅದನ್ನು ತಂದ ಕೈ ಯಾವುದು, ಆ ಕೈ ಹಿಂದೆ ಏನು ಮಾಡಿದ್ದಿತು, ಸೂಜಿಯನ್ನು ಬೇಡವೆಂದರೆ ಮುಂದೆ ಒದಗುವುದೇನು ಎಂಬಿವುಗಳನ್ನೂ ತೂಗಿದರೆಂಬುದು ಆ ಹತ್ತು ವರ್ಷಗಳ ವೃತ್ತಾಂತದಿಂದ ತಿಳಿದುಬರುತ್ತದೆ.

ಪ್ಲೇಗು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ರಬಲಿಸಿತು. ಅದರ ಕ್ರಿಮಿಯನ್ನು ಅದೇ ವರ್ಷ ಅಲ್ಲಿ ಯೆರ್ಸಿನ್ ಎಂಬ ವಿದ್ವಾಂಸನು ಗುರುತಿಸಿದನು. ಎರಡು ವರ್ಷಗಳ ತರುವಾಯ, ೧೮೯೬ನೆಯ ಸೆಪ್ಟೆಂಬರ್ ತಿಂಗಳಿನಲ್ಲಿ, ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಸ್ ಅವರು ಕಂಕುಳಿನಲ್ಲಿಯೂ ತೊಡೆಸಂದಿನಲ್ಲಿಯೂ ಗಡ್ಡೆ ಎದ್ದು ಸಾಯುತ್ತಿದ್ದ ರೋಗಿಗಳನ್ನು ಕಂಡು ಇದು ಪ್ಲೇಗೆಂದು ಸಾರಿದರು. ೧೮೯೭ನೆಯ ಫೆಬ್ರವರಿಯ ವೇಳೆಗೆ ಎಂಟು ಲಕ್ಷಕ್ಕೂ ಮಿಕ್ಕ ಜನರಿದ್ದ ಆ ನಗರದ ಸುಮಾರು ಅರ್ಧಭಾಗವು ಬರಿದಾಗಿದ್ದಿತು.

ಸರ್ಕಾರದವರು ಈ ರೋಗವನ್ನು ತಡೆಯುವ ಉಪಾಯವನ್ನು ಹುಡುಕಲು ಕರೆಯಿಸಿದ ವಾಲ್ಡೆಮರ್ ಹಾಫ್‌ಕಿನ್ ಎಂಬವನು ರಷ್ಯದ ಒಡೆಸ್ಸ ಪಟ್ಟಣದಲ್ಲಿ ೧೮೬೦ರಲ್ಲಿ ಹುಟ್ಟಿದ ಯೆಹೂದ್ಯನು. ಅವನು ಪ್ರಾಣಿಶಾಸ್ತ್ರವನ್ನು ಓದಿದವನೇ ಹೊರತು ವೈದ್ಯನಲ್ಲ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡಿ, ೧೮೯೨ರಲ್ಲಿ ಕಾಲರಾಕ್ಕೆ ತಡೆಮದ್ದನ್ನು ಸಿದ್ಧಪಡಿಸಿ, ಅದನ್ನು ಮೊದಲು ತನ್ನ ಮೈಗೇ ಹಾಕಿಕೊಂಡು, ಮರುವರ್ಷ ಭಾರತಕ್ಕೆ ಬಂದು ವಂಗದೇಶದಲ್ಲಿಯೂ ಅಸ್ಸಾಮಿನ ಚಹದ ತೋಟಗಳಲ್ಲಿಯೂ ಸಾವಿರಾರು ಜನರಿಗೆ ಆ ಮದ್ದನ್ನು ಹಾಕಿದ್ದನು. ಪರದೇಶಿ, ರಷ್ಯದವನು, ವೈದ್ಯಪದವಿ ಇಲ್ಲದವನು: ಈ ಮೂರು ಕಾರಣಗಳಿಂದ ಬ್ರಿಟಿಷ್ ವೈದ್ಯಾಧಿಕಾರಿಗಳಲ್ಲಿ ಹಲವರಿಗೆ ಅವನ ಮೇಲೆ ಮೊದಲಿನಿಂದಲೂ ಅಷ್ಟಾಗಿ ಒಲವಿರಲಿಲ್ಲ. ಹೊಸ ಮದ್ದಿನ ವಿಷಯದಲ್ಲಿ ಸಂಶಯವು ಬೀದಿಯ ಜನರಲ್ಲಿ ಮಾತ್ರ ಇದ್ದಿತೆಂದು ಭಾವಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಫ್‌ಕಿನ್ನನು ೧೮೯೬ನೆಯ ಅಕ್ಟೋಬರ್ ಮೊದಲ ವಾರದಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ವೈದ್ಯಕಾಲೇಜಿನ ಒಂದು ಚಿಕ್ಕ ಎಡೆಯಲ್ಲಿ ಕೆಲಸವನ್ನು ಆರಂಭಿಸಿದನು. ಆಡಿನ ಮಾಂಸದಿಂದ ಇಳಿಸಿದ ಸಾರದಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬಿತ್ತಿ, ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ಗವಿಯ ಚಾವಣಿಯಿಂದ ಇಳಿಯುವ ಸುಣ್ಣದ ಕೊನೆಗಳಂತೆ ಆ ಹನಿಗಳ ಅಡಿಯಿಂದ ಕ್ರಿಮಿಗಳು ಜೋತುಕೊಂಡು ಬೆಳೆಯುತ್ತಿದ್ದುವು. ಕೆಲವು ವಾರಗಳು ಕಳೆದಮೇಲೆ ಆ ಸಾರವನ್ನು ಕಾಯಿಸಿ ಕ್ರಿಮಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ, ಸೀಸೆಗಳಲ್ಲಿ ತುಂಬುವರು. ಗೋವಿನ ಮಾಂಸವು ಹಿಂದುಗಳಿಗೂ ಹಂದಿಯ ಮಾಂಸವು ಮುಸಲ್ಮಾನರಿಗೂ ಸಲ್ಲದೆಂದು ಆಡನ್ನು ಆರಿಸಿಕೊಂಡುದು ಅವನ ವಿವೇಕವನ್ನು ತೋರಿಸುತ್ತದೆ. ಆದರೆ ಮಾಂಸವನ್ನೇ ಮುಟ್ಟದ ಜೈನರಿಗೂ ಬ್ರಾಹ್ಮಣರಿಗೂ ಲಿಂಗವಂತರಿಗೂ ಆಡಾದರೇನು, ಮತ್ತೊಂದಾದರೇನು? ಅವರ ಆಕ್ಷೇಪಣೆಗೆ ಇದರಿಂದ ಸಮಾಧಾನ ದೊರೆಯುವಂತಿರಲಿಲ್ಲ. ಸೂಜಿ ಹಾಕಿಸಿಕೊಂಡವರಿಗೆ ತೋಳು ಬಾತು ಒಂದೆರಡು ದಿನ ಜ್ವರ ಬರುತ್ತಿದ್ದುದರಿಂದ, ದಿನಗೂಲಿಯಿಂದ ಬದುಕುವವನಿಗೆ ಅದು ಕೂಲಿಯ ನಷ್ಟವೂ ಆಗಿದ್ದಿತು.

೧೮೯೭ನೆಯ ಜನವರಿ ೧೦ರಂದು ಹಾಫ್‌ಕಿನ್ನನು ಈ ಮದ್ದನ್ನೂ ಮೊದಲು ತನಗೇ ಹಾಕಿಸಿಕೊಂಡನು. ಆ ತಿಂಗಳ ಕೊನೆಯಲ್ಲಿ ಬೈಕಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೈದಿಗಳಲ್ಲಿ ಒಪ್ಪಿದವರಿಗೆ ಸೂಜಿ ಹಾಕಿ ನೋಡಲಾಯಿತು. ಹಾಕಿಸಿಕೊಳ್ಳದವರಲ್ಲಿ ಹನ್ನೆರಡು ಮಂದಿಗೆ ರೋಗ ತಗುಲಿ ಆರು ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ತಗುಲಿ ಯಾರೂ ಸಾಯಲಿಲ್ಲ. ಇದಕ್ಕಿಂತಲೂ ಗಟ್ಟಿಯಾದ ಪರೀಕ್ಷೆಯು ಮರುವರ್ಷದ ಫೆಬ್ರವರಿಯಲ್ಲಿ ಬಡೋದೆ ಸಂಸ್ಥಾನದ ಉಂಧೇರ ಎಂಬ ಹಳ್ಳಿಯಲ್ಲಿ ನಡೆಯಿತು. ಅಲ್ಲಿ ಮನೆಮನೆಯ ಜನರನ್ನೂ ಎರಡು ಪಾಲು ಮಾಡಿ ಒಂದು ಪಾಲಿಗೆ ಸೂಜಿ ಹಾಕಿ ಇನ್ನೊಂದು ಪಾಲನ್ನು ಬಿಡಲಾಯಿತು. ಆಮೇಲೆ ಪ್ಲೇಗು ಹೊಕ್ಕ ಮನೆಗಳಲ್ಲಿ, ಸೂಜಿ ಬಿದ್ದ ೭೧ ಜನರೊಳಗೆ ೮ ಮಂದಿಗೆ ರೋಗ ತಗುಲಿ ೩ ಮಂದಿ ಸತ್ತರು. ಸೂಜಿ ಬೀಳದ ೬೪ ಜನರೊಳಗೆ ೨೭ ಮಂದಿಗೆ ರೋಗ ತಗುಲಿ ೨೬ ಮಂದಿ ಸತ್ತರು. ಶಾಸ್ತ್ರದೃಷ್ಟಿಯಿಂದ ಇದಕ್ಕಿಂತ ಸ್ಪಷ್ಟವಾದ ಲೆಕ್ಕವು ಆ ಕಾಲದಲ್ಲಿ ದೊರೆಯುವುದು ಕಷ್ಟ. ಆದರೆ ಒಂದೇ ಒಲೆಯ ಅನ್ನವನ್ನುಂಡ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಬಲಕ್ಕೂ ಒಬ್ಬನನ್ನು ಎಡಕ್ಕೂ ನಿಲ್ಲಿಸಿದ ಲೆಕ್ಕವಿದು. ಆ ೨೬ ಮಂದಿ ಕೋಷ್ಟಕದಲ್ಲಿ ಒಂದು ಅಂಕಿಯಾಗಿ ಉಳಿದರು.

ಮದ್ದಿನ ಗುಣವು ಹೀಗಿರಲು, ಜನರು ಅದಕ್ಕೆ ಹೆದರಿದುದೇಕೆ? ಇದಕ್ಕೆ ಉತ್ತರವನ್ನು ಮದ್ದು ಹೊರಬರುವುದಕ್ಕೆ ಮೊದಲು ನಡೆದ ಸಂಗತಿಗಳಲ್ಲಿ ಕಾಣಬೇಕು. ಮುಂಬಯಿಯಲ್ಲಿ ರೋಗಿಗಳನ್ನು ಮನೆಗಳಿಂದ ಎಳೆದು ಆಸ್ಪತ್ರೆಗೆ ಸಾಗಿಸಲು ತೊಡಗಿದೊಡನೆ, ೧೮೯೬ನೆಯ ಅಕ್ಟೋಬರ್ ೨೯ರಂದು ಗಿರಣಿಯ ಕೆಲಸಗಾರರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದಿತು. ೧೮೯೭ನೆಯ ಫೆಬ್ರವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಮನೆಗಳನ್ನು ಶೋಧಿಸುವುದು, ಸಾಮಾನುಗಳನ್ನು ಸುಡುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಒಯ್ಯುವುದು, ರೈಲು ಪ್ರಯಾಣಿಕರನ್ನು ನಿಲ್ದಾಣದಲ್ಲಿ ಇಳಿಸಿ ಮೈ ಮುಟ್ಟಿ ನೋಡುವುದು ಇವೆಲ್ಲವೂ ಅದರ ಬಲದಿಂದ ನಡೆದುವು. ಪುಣೆಯಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಅಡಿಗೆಮನೆ ದೇವರಮನೆಗಳನ್ನು ಹೊಕ್ಕರು. ಅದೇ ವರ್ಷ ಜೂನ್ ೨೨ರ ರಾತ್ರಿ ಚಾಫೇಕರ ಸಹೋದರರು ಅವನ ಮೇಲೆ ಗುಂಡು ಹಾರಿಸಿದುದೂ, ಆಮೇಲೆ ಲೋಕಮಾನ್ಯ ತಿಲಕರು ಕೇಸರಿ ಪತ್ರಿಕೆಯ ಬರೆಹಗಳಿಗಾಗಿ ರಾಜದ್ರೋಹದ ಮೊಕದ್ದಮೆಯಲ್ಲಿ ಸೆರೆಮನೆಗೆ ಹೋದುದೂ ಸರ್ವವಿದಿತವಾದ ವಿಷಯಗಳು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಕಠಿಣೋಪಾಯಗಳು ನಿಂತದ್ದು ತಪ್ಪು ತಿಳಿವಳಿಕೆಯ ಮೇಲೆ. ಗಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವುದು ವಿರಳ. ಇಲಿಯ ಮೈಮೇಲಣ ಚಿಗಟವು ಅದನ್ನು ಹರಡುತ್ತದೆ. ಸೀಮಾಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ೧೮೯೮ರಲ್ಲಿಯೇ ಇದನ್ನು ಕಂಡು ಹೇಳಿದರೂ ಬಹು ಮಂದಿ ನಂಬಲಿಲ್ಲ. ಮುಂಬಯಿಯಲ್ಲಿ ೧೯೦೫ರಿಂದ ನಡೆದ ಸಂಶೋಧನೆಗಳಿಂದ ಮಾತ್ರವೇ ಅದು ಸಿದ್ಧವಾಯಿತು. ರೋಗಿಯ ನೆಂಟರನ್ನು ಶಿಬಿರದಲ್ಲಿ ಕೂಡಿಹಾಕುವುದರಿಂದ ಇಲಿಗೂ ಚಿಗಟಕ್ಕೂ ಆದ ತೊಂದರೆ ಅಲ್ಪವೇ. ಇತ್ತ ಕನ್ನಡನಾಡಿನ ಹಳ್ಳಿಗರು ಇಲಿ ಬಿದ್ದಿತೆಂದ ಕೂಡಲೇ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ಪದ್ಧತಿಯನ್ನು ಹಿಡಿದರು. ಅವರ ಊಹೆಯೇ ಸತ್ಯಕ್ಕೆ ಹೆಚ್ಚು ಸಮೀಪವಾಗಿದ್ದಿತು. ಹೀಗೆ ಸರ್ಕಾರದವರು ಒಂದು ಕೈಯಲ್ಲಿ ಪ್ರಯೋಜನವಿಲ್ಲದ ಬಲಾತ್ಕಾರವನ್ನೂ ಇನ್ನೊಂದು ಕೈಯಲ್ಲಿ ಪ್ರಯೋಜನವುಳ್ಳ ಮದ್ದನ್ನೂ ಹಿಡಿದು ಬಂದರು. ಆ ಎರಡು ಕೈಗಳೂ ಒಬ್ಬನವೇ ಆಗಿದ್ದುದರಿಂದ ಜನರು ಎರಡನ್ನೂ ಕೂಡಿಯೇ ತಳ್ಳಿದರು.

ಆಗ ಹಬ್ಬಿದ ಗಾಳಿಮಾತುಗಳನ್ನು ನಗೆಪಾಟಲಿಗೆ ಈಡುಮಾಡುವುದು ಸುಲಭ. ಸೂಜಿಯು ಗಜದುದ್ದವಿರುವುದು, ಚುಚ್ಚಿದೊಡನೆ ಪ್ರಾಣ ಹೋಗುವುದು, ಹೋಗದಿದ್ದರೆ ಆರು ತಿಂಗಳಿಗೆ ಹೋಗುವುದು, ಗಂಡಸರು ನಿರ್ವೀರ್ಯರೂ ಹೆಂಗಸರು ಬಂಜೆಯರೂ ಆಗುವರು, ಜಿಲ್ಲೆಯ ದೊರೆಯೇ ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಒದ್ದಾಡಿ ಸತ್ತನು. ಪಂಜಾಬಿನಲ್ಲಿ ಇಂಥವುಗಳನ್ನು ಅಧಿಕಾರಿಗಳೇ ಬರೆದಿಟ್ಟರು. ಮುಂಬಯಿಯಲ್ಲಿ, ಆಸ್ಪತ್ರೆಗೆ ಹೋದವರ ಮೈಯಿಂದ ಎಣ್ಣೆ ತೆಗೆಯುವರೆಂಬ ಮಾತು ಹುಟ್ಟಿತು. ಆದರೆ ಈ ಕಥೆಗಳಲ್ಲೆಲ್ಲ ಮತ್ತೆ ಮತ್ತೆ ಬರುವ ವಿಷಯವು ಒಂದೇ: ಅಧಿಕಾರವು ಮನುಷ್ಯನ ಮೈಯನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುವುದು. ಹೆಂಡತಿಯ ಕಂಕುಳನ್ನು ಪರಪುರುಷನು ನಿಲ್ದಾಣದಲ್ಲಿ ಮುಟ್ಟಿ ನೋಡಿದುದನ್ನು ಕಣ್ಣಾರೆ ಕಂಡವನಿಗೆ ಉಳಿದುದನ್ನು ನಂಬಲು ಹೆಚ್ಚಿನ ಕಲ್ಪನಾಶಕ್ತಿ ಬೇಕಾಗಿರಲಿಲ್ಲ.

ಕಲ್ಕತ್ತೆಯ ಗೊಂದಲವು ಈ ಬಗೆಯದು. ಮುಂಬಯಿ ಪುಣೆಗಳ ಸುದ್ದಿಯು ರೋಗಕ್ಕಿಂತ ಮುಂಚಿತವಾಗಿ ಅಲ್ಲಿಗೆ ತಲುಪಿದ್ದಿತು. ೧೮೯೮ನೆಯ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಿತೆಂದು ಗೊತ್ತಾಗುತ್ತಲೇ, ಇನ್ನು ಸೂಜಿ ಹಾಕುವವರು ಮನೆಗಳಿಗೆ ನುಗ್ಗುವರೆಂದು ಜನರು ನಿಶ್ಚಯಿಸಿಕೊಂಡರು. ಲೆಫ್ಟಿನೆಂಟ್ ಗವರ್ನರ್ ವುಡ್‌ಬರ್ನ್ ಎಂಬವನು ಬಲಾತ್ಕಾರವಿಲ್ಲವೆಂದು ಸಾರಿ, ಶಿಬಿರಗಳ ಬದಲು ಮನೆಗಳಲ್ಲಿಯೇ ರೋಗಿಗಳನ್ನಿರಿಸಿಕೊಳ್ಳಲು ಎಡೆಗೊಟ್ಟ ಮೇಲೆ ಗೊಂದಲವು ಇಳಿಮುಖವಾಯಿತು. ಸ್ವಾಮಿ ವಿವೇಕಾನಂದರು ಆಗ ದಾರ್ಜಿಲಿಂಗಿನಿಂದ ಹಿಂದಿರುಗಿ ಪ್ರಕಟಿಸಿದ ಪ್ಲೇಗಿನ ಪ್ರಕಟನೆಯಲ್ಲಿಯೂ, ಯಾರಿಗೂ ಬಲವಂತದಿಂದ ಸೂಜಿ ಹಾಕುವುದಿಲ್ಲ, ಇಷ್ಟವುಳ್ಳವರಿಗೆ ಮಾತ್ರ ಎಂಬ ಭರವಸೆಯು ಸೇರಿದೆ. ಅಂಥ ಸಂನ್ಯಾಸಿಯೊಬ್ಬರು ಈ ಮಾತನ್ನು ಅಚ್ಚುಹಾಕಿಸಬೇಕಾಗಿ ಬಂದುದೇ ಸರ್ಕಾರದ ಮಾತಿಗೆ ಎಷ್ಟು ಬೆಲೆಯಿದ್ದಿತೆಂಬುದನ್ನು ತಿಳಿಸುತ್ತದೆ.

ಸೂಜಿಯನ್ನು ಕಂಡು ಹಿಂಜರಿಯುವುದು ಪೌರ್ವಾತ್ಯರ ಸ್ವಭಾವವೆಂದು ಆ ದಿನಗಳಲ್ಲಿ ಬರೆದವರುಂಟು. ಅವರು ತಮ್ಮ ಸ್ವದೇಶದ ಕಡೆಗೆ ಕಣ್ಣು ಹಾಯಿಸಲಿಲ್ಲ. ಸಿಡುಬಿನ ದೇವಿ ಹಾಕಿಸುವುದನ್ನು ಕಡ್ಡಾಯ ಮಾಡಿದುದಕ್ಕೆ ವಿರೋಧವಾಗಿ ೧೮೮೫ರಲ್ಲಿ ಲೆಸ್ಟರ್ ಪಟ್ಟಣದ ಬೀದಿಗಳಲ್ಲಿ ಸಾವಿರಾರು ಇಂಗ್ಲಿಷರು ಮೆರವಣಿಗೆ ಹೊರಟಿದ್ದರು. ಕಲ್ಕತ್ತೆಯಲ್ಲಿ ಗೊಂದಲವೆದ್ದ ೧೮೯೮ನೆಯ ಇಸವಿಯಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು, ಮನಸ್ಸೊಪ್ಪದ ತಂದೆತಾಯಿಗಳು ತಮ್ಮ ಮಕ್ಕಳಿಗೆ ದೇವಿ ಹಾಕಿಸದೆ ಇರಬಹುದೆಂದು ಕಾನೂನು ಮಾಡಿತು. ಅಲ್ಲಿ ಅಂತಃಕರಣವೆಂದು ಕರೆಸಿಕೊಂಡುದು ಇಲ್ಲಿ ಮೂಢತನವೆಂದು ಕರೆಸಿಕೊಂಡಿತು.

ಮುಂಬಯಿಯ ಖೋಜಾ ಪಂಗಡದವರ ನಡವಳಿಕೆಯು ಇದಕ್ಕೆ ಬೇರೊಂದು ಮುಖವನ್ನು ತೋರಿಸುತ್ತದೆ. ಅವರ ಧರ್ಮಗುರುವಾದ ಮೂರನೆಯ ಆಗಾಖಾನರು ಆಗ ಇಪ್ಪತ್ತರ ಹರೆಯದವರು. ಅವರು ಜನರ ಎದುರಿನಲ್ಲಿ ತಾವೇ ಸೂಜಿ ಹಾಕಿಸಿಕೊಂಡುದಲ್ಲದೆ ಹಾಫ್‌ಕಿನ್ನನ ಪ್ರಯೋಗಶಾಲೆಗೆ ತಮ್ಮದೊಂದು ದೊಡ್ಡ ಬಂಗಲೆಯನ್ನು ಬಿಟ್ಟುಕೊಟ್ಟರು. ಅನುಯಾಯಿಗಳು ಸಾವಿರಗಟ್ಟಲೆಯಾಗಿ ಮುಂದೆ ಬಂದರು. ಹಾಫ್‌ಕಿನ್ನನ ಪುಸ್ತಕವನ್ನು ಇವರಲ್ಲಿ ಯಾರೂ ಓದಿರಲಿಲ್ಲ. ತಮ್ಮ ಗುರುವಿನ ತೋಳು ಬಾತು ಮತ್ತೆ ಇಳಿದುದನ್ನು ನೋಡಿದ್ದರು. ಇದೇ ಮುಂಬಯಿಯಲ್ಲಿ, ೧೮೯೮ನೆಯ ಮಾರ್ಚ್ ೯ರಂದು, ಮತ್ತೊಂದು ಮುಸಲ್ಮಾನ ಪಂಗಡವಾದ ಜುಲಾಹ ನೇಕಾರರು ತಮ್ಮ ಕೇರಿಯ ರೋಗಿಯೊಬ್ಬಳನ್ನು ಒಯ್ಯಬಂದವರೊಡನೆ ಹೊಡೆದಾಡಿ, ಆ ಗಲಭೆಯು ಊರಿಗೆಲ್ಲ ಹರಡಿದ್ದಿತು. ಮತವೊಂದೇ, ಊರೊಂದೇ; ಕೇರಿಯ ಬಾಗಿಲಿಗೆ ಬಂದವರು ಮಾತ್ರ ಬೇರೆ.

ಇನ್ನು ಹುಬ್ಬಳ್ಳಿಯ ವಿಷಯ. ದಕ್ಷಿಣ ಮರಾಠಾ ರೈಲ್ವೆಯ ಕಾರ್ಖಾನೆ, ಹತ್ತಿಯ ಪೇಟೆ, ಮಗ್ಗಗಳ ಕೇರಿಗಳು ಇವುಗಳಿಂದ ಆ ಊರು ಬೆಳೆಯುತ್ತಿದ್ದ ಕಾಲವದು. ಜನರ ಹೋಗುಬರವು ಎಡೆಬಿಡದೆ ನಡೆಯುತ್ತಿದ್ದುದರಿಂದ ರೋಗಕ್ಕೂ ಅದು ಹೆದ್ದಾರಿಯಾಯಿತು. ಸೂಜಿ ಹಾಕುವ ಕೆಲಸವನ್ನು ನಡೆಸಿದವನು ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿ. ಕೆಲಸವು ಆರಂಭವಾದುದು ಬೇಸಗೆಯ ಕೊನೆಯಲ್ಲಿ. ರೋಗವು ಉಲ್ಬಣವಾಗುವ ವೇಳೆಗೆ ಮಳೆಗಾಲವು ಕಾಲಿಟ್ಟಿದ್ದಿತು. ಬೇರೆ ಕಾಲದಲ್ಲಿಯಾಗಿದ್ದರೆ ಊರು ಬಿಡುವುದೇ ಮೊದಲನೆಯ ಉಪಾಯ. ಆದರೆ ಜಿಟಿಜಿಟಿ ಮಳೆಯಲ್ಲಿ, ಕಾಲಿಟ್ಟರೆ ಹೂಳುವ ಎರೆಮಣ್ಣಿನ ಮೇಲೆ, ಬೊಂಬು ತಟ್ಟಿಗಳ ಕೆಳಗೆ ಐವತ್ತು ಸಾವಿರ ಜನರು ತಿಂಗಳುಗಟ್ಟಲೆ ಹೇಗೆ ಬದುಕುವರು? ಮಗ್ಗವನ್ನು ಹೊತ್ತುಕೊಂಡು ಹೊಲಕ್ಕೆ ಹೋಗಲಾಗುವುದಿಲ್ಲ. ಮಗ್ಗ ನಿಂತರೆ ನೇಕಾರನ ಮನೆಯ ಒಲೆಯೂ ನಿಲ್ಲುವುದು.

ಸೂಜಿ ಹಾಕಿಸಿಕೊಂಡವರಿಗೆ ಒಂದು ಪತ್ರವನ್ನು ಕೊಡುವ ಏರ್ಪಾಡನ್ನು ಮುಂಬಯಿ ಸರ್ಕಾರದವರು ಆ ವೇಳೆಗೆ ಮಾಡಿದ್ದರು. ಆ ಪತ್ರವುಳ್ಳವರಿಗೆ ಶಿಬಿರವಾಸದಿಂದಲೂ ಪ್ರಯಾಣದ ತಡೆಗಳಿಂದಲೂ ವಿನಾಯಿತಿ ದೊರೆಯುತ್ತಿದ್ದಿತು. ಹುಬ್ಬಳ್ಳಿಯ ನೇಕಾರನಿಗೂ ರೈಲ್ವೆಯ ಕೆಲಸಗಾರನಿಗೂ ಈ ಕಾಗದದ ಅರ್ಥವು ತಟ್ಟನೆ ಹೊಳೆಯಿತೆನ್ನಬೇಕು. ತೋಳಿಗೆ ಒಂದು ದಿನದ ನೋವು. ಪ್ರತಿಯಾಗಿ ಮನೆ, ಮಗ್ಗ, ಕೂಲಿ, ಬೀದಿಯಲ್ಲಿ ನಡೆದಾಡುವ ಸ್ವಾತಂತ್ರ್ಯ. ಇದಕ್ಕೆ ನೆರೆಹೊರೆಯ ಅನುಭವವೂ ಸೇರಿತು. ಸೂಜಿ ಹಾಕಿಸಿಕೊಂಡ ಮನೆಯಲ್ಲಿ ಹೆಣ ಬೀಳುವುದು ಕಡಮೆಯೆಂಬುದನ್ನು ಕಾಣಲು ಯಾವ ಕೋಷ್ಟಕವೂ ಬೇಕಾಗಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ರೋಗವು ಮೇಲೇರಿದಂತೆ ಬರುವವರ ಗುಂಪೂ ಬೆಳೆಯಿತು. ಅನೇಕರು ಎರಡನೆಯ ಸಲವೂ ಹಾಕಿಸಿಕೊಂಡರು.

ಹಾಗಾದರೆ ಇದು ಸ್ವಇಚ್ಛೆಯೇ? ಕಾನೂನಿನ ಮಾತಿನಲ್ಲಿ ಹೌದು. ಭಾರತ ಸರ್ಕಾರದವರು ಪ್ಲೇಗಿನ ಸೂಜಿಯನ್ನು ಎಂದೂ ಕಡ್ಡಾಯ ಮಾಡಲಿಲ್ಲ. ಆದರೆ ಒಂದು ಬಾಗಿಲಲ್ಲಿ ಶಿಬಿರವನ್ನೂ ಇನ್ನೊಂದು ಬಾಗಿಲಲ್ಲಿ ಸೂಜಿಯನ್ನೂ ಇಟ್ಟು, ಯಾವುದನ್ನಾದರೂ ಆರಿಸಿಕೊಳ್ಳಿರೆಂದು ಹೇಳುವುದರಲ್ಲಿ ಬಲಾತ್ಕಾರದ ಛಾಯೆಯಿಲ್ಲವೆಂದು ಯಾರೂ ಹೇಳಲಾರರು. ಹುಬ್ಬಳ್ಳಿಯ ೩೮,೦೦೦ ಜನರನ್ನು ವಿಜ್ಞಾನವನ್ನು ಒಪ್ಪಿದ ಪ್ರಜೆಗಳೆಂದು ಹಾಫ್‌ಕಿನ್ನನ ಪಕ್ಷದವರು ಕೊಂಡಾಡಿದುದು ಪೂರ್ಣಸತ್ಯವಲ್ಲ. ಅವರು ಇದ್ದ ಎರಡು ದಾರಿಗಳಲ್ಲಿ ತಮಗೆ ಹಿತವಾದುದನ್ನು ಚೆನ್ನಾಗಿ ಲೆಕ್ಕಹಾಕಿ ಹಿಡಿದವರು. ಆ ಲೆಕ್ಕವು ಅವರಲ್ಲಿ ಬಹು ಮಂದಿಯ ಪ್ರಾಣವನ್ನು ಉಳಿಸಿತೆಂಬುದು ಮಾತ್ರ ನಿಜ.

ಎಷ್ಟು ಮಂದಿಯನ್ನು ಉಳಿಸಿತೆಂಬುದು ಬೇರೆ ಪ್ರಶ್ನೆ. ಪ್ರೊಫೆಸರ್ ಫ್ರೇಸರನ ಅಧ್ಯಕ್ಷತೆಯಲ್ಲಿ ೧೮೯೮–೯೯ರಲ್ಲಿ ದೇಶವನ್ನು ಸುತ್ತಿದ ಪ್ಲೇಗ್ ಕಮಿಷನ್ನಿನವರು ಸೂಜಿಮದ್ದಿನಿಂದ ರೋಗವು ತಗುಲುವುದೂ ಸಾವೂ ಬಹಳ ಮಟ್ಟಿಗೆ ಕಡಮೆಯಾಗುವುವೆಂದು ಒಪ್ಪಿದರು. ಆದರೆ ಅದು ಸಂಪೂರ್ಣ ರಕ್ಷಣೆಯಲ್ಲವೆಂದೂ, ಮದ್ದಿನ ಬಲವು ಎಲ್ಲ ಸೀಸೆಗಳಲ್ಲಿಯೂ ಒಂದೇ ಸಮನಾಗಿಲ್ಲವೆಂದೂ, ಲೆಕ್ಕಗಳಲ್ಲಿ ಸಡಿಲಿಕೆಯುಂಟೆಂದೂ ಎತ್ತಿತೋರಿಸಿದರು. ಸೂಜಿ ಹಾಕಿಸಿಕೊಂಡವರು ಎಷ್ಟೆಂಬುದು ದಫ್ತರದಲ್ಲಿರುವುದು. ಹಾಕಿಸಿಕೊಳ್ಳದೆ ಉಳಿದವರು ಎಷ್ಟು, ಅವರಲ್ಲಿ ಊರಲ್ಲಿದ್ದವರೆಷ್ಟು, ಓಡಿಹೋದವರೆಷ್ಟು ಎಂಬುದನ್ನು ರೋಗದ ನಡುವೆ ಎಣಿಸುವವರಾರು?

ಹುಬ್ಬಳ್ಳಿಯಿಂದ ರೈಲುಹಾದಿಯು ಬೆಂಗಳೂರಿಗೆ ಬರುತ್ತದೆ. ಪ್ಲೇಗೂ ಅದೇ ಹಾದಿಯಿಂದ ೧೮೯೮ನೆಯ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕವಾದರು. ಶೋಧನೆ, ಶಿಬಿರ, ಮನೆಗಳ ಹೆಂಚು ತೆಗೆಸುವುದು ಇವು ಇಲ್ಲಿಯೂ ನಡೆದುವು. ಜನರ ಸಿಟ್ಟೂ ನಡೆಯಿತು. ಆ ವರ್ಷದ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ನಿಬಂಧನೆಗಳ ಕಾರಣ ಗಲಭೆಯೆದ್ದಿತು. ತಿರುವಾಂಕೂರಿನವರಾದ ಡಾಕ್ಟರ್ ಪಲ್ಪು ಅವರು ಈ ಕಾಲದಲ್ಲಿ ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ದುಡಿದವರಲ್ಲಿ ಒಬ್ಬರು. ಈಳವ ಜಾತಿಯವರೆಂಬ ಕಾರಣದಿಂದ ತಮ್ಮ ಸ್ವಂತ ಸಂಸ್ಥಾನದಲ್ಲಿ ಕೆಲಸ ದೊರೆಯದೆ ಅವರು ಮೈಸೂರಿನ ಸೇವೆಗೆ ಬಂದಿದ್ದರು. ೧೮೯೧ರ ಜನಗಣತಿಯಲ್ಲಿ ನಗರ ದಂಡುಗಳೆರಡೂ ಸೇರಿ ೧,೮೦,೩೬೬ ಇದ್ದ ಬೆಂಗಳೂರಿನ ಜನಸಂಖ್ಯೆಯು ೧೯೦೧ರಲ್ಲಿ ೧,೫೯,೦೪೬ಕ್ಕೆ 

ಇಳಿದಿದ್ದಿತು. ಇದು ಸತ್ತವರ ಲೆಕ್ಕ ಮಾತ್ರವಲ್ಲ, ಬಿಟ್ಟುಹೋದವರದೂ ಹೌದು.

ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ. ಇವುಗಳನ್ನು ನೋಡಿ, ಜನರು ಮದ್ದನ್ನು ಬಿಟ್ಟು ಮಾರಿಯನ್ನು ಹಿಡಿದರೆಂದು ತೀರ್ಮಾನಿಸುವುದು ಆತುರವಾದೀತು. ಸಿಡುಬಿನ ದೇವಿ ಹಾಕಿಸಿದ ಮನೆಯಲ್ಲಿಯೇ ಅಮ್ಮನಿಗೆ ಮೊಸರನ್ನದ ತಂಪನ್ನೂ ಅರ್ಪಿಸುತ್ತಿದ್ದ ನಾಡು ಇದು. ‘ದೇವಿ ಹಾಕಿಸುವುದು’ ಎಂಬ ಮಾತೇ ಮದ್ದನ್ನೂ ದೇವತೆಯನ್ನೂ ಒಂದೇ ಹೆಸರಿನಲ್ಲಿ ಕೂಡಿಸಿಕೊಂಡಿದೆ.

ಇದುವರೆಗೆ ಹೇಳಿದುದೆಲ್ಲವೂ ಜನರ ಅಪನಂಬಿಕೆಯ ಕಥೆ. ೧೯೦೨ರಲ್ಲಿ ನಡೆದುದು ಸರ್ಕಾರದವರ ಅಪನಂಬಿಕೆಯ ಕಥೆ. ಆ ವರ್ಷ ಪಂಜಾಬಿನಲ್ಲಿ ಲಕ್ಷಾಂತರ ಜನರಿಗೆ ಸೂಜಿ ಹಾಕುವ ದೊಡ್ಡ ಏರ್ಪಾಡು ನಡೆದಿದ್ದಿತು. ಅಕ್ಟೋಬರ್ ೩೦ರಂದು ಗುಜ್ರಾತ್ ಜಿಲ್ಲೆಯ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿ ಸೂಜಿ ಹಾಕಿಸಿಕೊಂಡರು. ಅವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ ೧೯ ಮಂದಿಗೆ ಕೆಲವೇ ದಿನಗಳಲ್ಲಿ ಧನುರ್ವಾಯು ಕಾಣಿಸಿಕೊಂಡಿತು. ೧೯ ಮಂದಿಯೂ ಸತ್ತರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಸೂಜಿ ಹಾಕಿದರೆ ಸಾವೆಂಬ ಗಾಳಿಮಾತು ಹಬ್ಬಿದ್ದ ಪ್ರಾಂತದಲ್ಲಿಯೇ ಅದು ಒಂದು ಹಳ್ಳಿಯ ಮಟ್ಟಿಗೆ ನಿಜವಾಗಿಬಿಟ್ಟಿತು.

ತಪ್ಪು ಎಲ್ಲಿ ನಡೆಯಿತು? ಮುಂಬಯಿಯ ಪರೇಲಿನ ಪ್ರಯೋಗಶಾಲೆಯಲ್ಲಿ ಹಾಫ್‌ಕಿನ್ನನು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖವೊಂದರಿಂದಲೇ ಮದ್ದನ್ನು ಶುದ್ಧಿಮಾಡುವ ಕ್ರಮವನ್ನು ಆಗತಾನೆ ತಂದಿದ್ದನು. ವಿಚಾರಣೆ ನಡೆಸಿದ ಸಮಿತಿಯವರು ಸೀಸೆಯು ಪ್ರಯೋಗಶಾಲೆಯಲ್ಲಿಯೇ ಕೆಟ್ಟಿದ್ದಿರಬೇಕೆಂದು ಅದರ ಕಡೆಗೆ ಬೆರಳು ತೋರಿಸಿದರು. ಹಾಫ್‌ಕಿನ್ನನು ಅಧಿಕಾರದಿಂದ ದೂರವಾದನು. ಆದರೆ ಸಾಕ್ಷ್ಯದಲ್ಲಿಯೇ ಇನ್ನೊಂದು ಸಂಗತಿಯು ಅಡಗಿದ್ದಿತು. ಹಳ್ಳಿಯಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯುವಾಗ ಚಿಮಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿದ್ದಿತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿರುವುದು ಸರ್ವವಿದಿತ. ವಾರಗಟ್ಟಲೆ ಮೊದಲೇ ಸೀಸೆಯಲ್ಲಿ ಆ ಕ್ರಿಮಿಯು ಬೆಳೆದಿದ್ದರೆ ತೆರೆದಾಗ ದುರ್ವಾಸನೆ ಬರಬೇಕಾಗಿದ್ದಿತು; ಬಂದಿರಲಿಲ್ಲ. ವಿಚಾರಣೆಯ ಕಾಗದಗಳು ವರ್ಷಗಳವರೆಗೆ ಪ್ರಕಟವಾಗದಿದ್ದುದರಿಂದ ಇವೆಲ್ಲವೂ ಲೋಕಕ್ಕೆ ತಿಳಿಯದೆ ಉಳಿದುವು. ಅವು ಹೊರಬಿದ್ದಮೇಲೆ, ೧೮೯೫ರಿಂದ ಕೆಲವು ಕಾಲ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದ ಮೇಲಿದ್ದ ರೊನಾಲ್ಡ್ ರಾಸ್‌ನು ಮುಂದಾಳಾಗಿ, ಹತ್ತು ಮಂದಿ ಕ್ರಿಮಿಶಾಸ್ತ್ರಜ್ಞರು ೧೯೦೭ನೆಯ ಜುಲೈ ತಿಂಗಳಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ನನ ಪರವಾಗಿ ಬರೆದರು. ಆ ವರ್ಷದ ಕೊನೆಯಲ್ಲಿ ಅವನ ಮೇಲಣ ಆರೋಪವು ತೊಲಗಿ ಮತ್ತೆ ಕೆಲಸ ದೊರೆಯಿತು. ಆದರೆ ಅದು ಕಲ್ಕತ್ತೆಯಲ್ಲಿ. ತಾನು ಕಟ್ಟಿದ ಮುಂಬಯಿಯ ಸಂಸ್ಥೆಗೆ ಅವನನ್ನು ಮರಳಿ ನೇಮಿಸಲಿಲ್ಲ.

ಇಷ್ಟರೊಳಗೆ ಪಂಜಾಬಿನ ದೊಡ್ಡ ಏರ್ಪಾಡು ಕುಸಿದುಬಿದ್ದಿದ್ದಿತು. ಹಳ್ಳಿಗರು ಹೆದರಿದುದು ಸಹಜವೇ. ಅವರಿಗಿಂತ ಹೆಚ್ಚಾಗಿ ಅಧಿಕಾರಿಗಳೇ ಧೈರ್ಯಗೆಟ್ಟರು. ಒಂದು ಸೀಸೆಯ ಸತ್ಯವನ್ನು ಕೂಡಲೇ ಬಹಿರಂಗವಾಗಿ ಹೇಳಿ, ಉಳಿದ ಸೀಸೆಗಳ ಶುದ್ಧಿಯನ್ನು ಸಾಧಿಸಿ ತೋರಿಸುವ ಬದಲು, ಒಬ್ಬ ಪರದೇಶಿಯನ್ನು ಬದಿಗೆ ಸರಿಸಿ ಮೌನವಾಗಿದ್ದರು. ೧೯೦೭ನೆಯ ಒಂದೇ ವರ್ಷದಲ್ಲಿ ಪಂಜಾಬಿನಲ್ಲಿ ಪ್ಲೇಗಿನಿಂದ ಆರು ಲಕ್ಷಕ್ಕೂ ಮೇಲ್ಪಟ್ಟು ಜನರು ಸತ್ತರು. ಅವರೆಲ್ಲರೂ ಸೂಜಿಯಿಂದ ಉಳಿಯುತ್ತಿದ್ದರೆಂದು ಹೇಳಲಾಗುವುದಿಲ್ಲ. ಆದರೆ ಉಳಿಯಬಹುದಾಗಿದ್ದವರ ಸಂಖ್ಯೆಯ ಮುಂದೆ ಮಲ್ಕೋವಾಲಿನ ೧೯ ಎಂಬುದು ಎಷ್ಟು ಚಿಕ್ಕದು! ಹಾಗೆಂದು ಮಲ್ಕೋವಾಲಿನ ಆ ಮನೆಗಳವರಿಗೆ ಈ ಹೋಲಿಕೆಯನ್ನು ಹೇಳಲು ಯಾರಿಗೂ ಬಾಯಿ ಬರುವಂತಿಲ್ಲ.

ಕನ್ನಡ ಜಿಲ್ಲೆಗಳಲ್ಲಿ ಪ್ಲೇಗು ಮುಂದೆ ಹಲವು ದಶಕಗಳವರೆಗೆ ಮರುಕಳಿಸುತ್ತಲೇ ಇದ್ದಿತು. ಶಿಬಿರದ ಕಟ್ಟುಪಾಡುಗಳು ಸಡಿಲವಾದುವು. ಗೋರಾ ಸಿಪಾಯಿಗಳು ಅಡಿಗೆಮನೆಗೆ ಬರುವುದು ನಿಂತಿತು. ಇಲಿ ಬಿದ್ದರೆ ಊರಾಚೆಗೆ ಹೋಗುವುದೂ, ಸೂಜಿ ಹಾಕುವವರು ಬಂದಾಗ ಬೈದುಕೊಳ್ಳುತ್ತಲೇ ತೋಳನ್ನು ಒಡ್ಡುವುದೂ ವಾಡಿಕೆಯಾಯಿತು. ಪರೇಲಿನ ಪ್ರಯೋಗಶಾಲೆಗೆ ೧೯೨೫ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಆ ವರ್ಷದವರೆಗೆ ಅಲ್ಲಿಂದ ಹೊರಟ ಪ್ಲೇಗಿನ ಮದ್ದು ೨ ಕೋಟಿ ೬೦ ಲಕ್ಷ ಸೂಜಿಗಳಿಗೆ ಸಾಲುವಷ್ಟು. ಹಾಫ್‌ಕಿನ್ನನು ಆಗ ಯೂರೋಪಿನಲ್ಲಿದ್ದನು. ೧೯೩೦ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡನು.